ಒಳ ಅಲೆ ಮತ್ತು ನನ್ನ ಕೈಗಡಿಯಾರ

ನಾನು ಬರೆದ ನಾಲ್ಕು ಸಾಲಿನಿಂದ ಒಬ್ಬ ಮನುಷ್ಯನ ಹಡಗಿನ ಕೆಲಸ ಹೋಯಿತು. ಬರೆಯುವಾಗ ನನಗೆ ಒಂದಿಷ್ಟೂ ಅಳುಕಿರಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯೇ ಇತ್ತು. ದಡ್ಡರನ್ನು ದಡ್ಡರು ಎನ್ನಲು ನನಗೆ ಎಂದೂ ಸಂಕೋಚವಾಗಿಲ್ಲ. ಚಿಕ್ಕಂದಿನಿಂದಲೂ ಸುತ್ತಲಿನವರ ಬುದ್ಧಿಯ ಮೇಲೆ ನನಗೆ ಗೌರವ ಕಡಿಮೆ, ಅದನ್ನು ಮುಚ್ಚಿಟ್ಟುಕೊಳ್ಳುವ ಅಭ್ಯಾಸ ಅದಕ್ಕಿಂತ ಕಡಿಮೆ.

ನನ್ನ ಕೆಲಸ ಸಮುದ್ರದ್ದು. ಹುಬ್ಬಳ್ಳಿಯಲ್ಲಿ ಹುಟ್ಟಿದವಳಿಗೆ ಸಮುದ್ರ ಎಲ್ಲಿಂದ ಗಂಟುಬಿತ್ತು ಎಂದು ನಮ್ಮವರು ಇಂದಿಗೂ ಕೇಳುತ್ತಾರೆ. ಕಮರಿಪೇಟೆಯಲ್ಲಿರುವ ನನ್ನ ಸೋದರತ್ತೆಗಂತೂ ಹದಿನೈದು ವರ್ಷದಿಂದ ಒಂದೇ ಪ್ರಶ್ನೆ.

"ದಿನಾ ಮೀನಿನ ವಾಸನಿ ಹೆಂಗ ತಡಕೋತಿ ನೀ?"

"ನಾ ಮೀನ ಹಿಡಿಯಂಗಿಲ್ಲ ಅತ್ತಿ. ಸಮುದ್ರದ ಒಳಗಿನ ಅಲಿ ನೋಡತೇನಿ."

"ಅಲಿ ಮ್ಯಾಲೆ ಇರತಾವಲ್ಲ. ಒಳಗ ಎಲ್ಲಿಂದ ಬಂದೂವು?"

ಪ್ರಶ್ನೆ ಸರಿಯಾಗಿಯೇ ಇತ್ತು, ಆದರೆ ಕೇಳಿದವರಿಗೆ ಉತ್ತರ ಬೇಕಿರಲಿಲ್ಲ. ಆದರೂ ಒಮ್ಮೆ ಅವರ ಅಡುಗೆಮನೆಯಲ್ಲೇ ಹೇಳಿ ನೋಡಿದೆ. ಕಡೆದಿಟ್ಟ ಮಜ್ಜಿಗೆ ಸ್ವಲ್ಪ ಹೊತ್ತಿಗೆ ಎರಡು ಪದರವಾಗುತ್ತದೆ, ಮೇಲೆ ತಿಳಿ, ಕೆಳಗೆ ಗಟ್ಟಿ. ಪಾತ್ರೆಯನ್ನು ಮೆಲ್ಲಗೆ ಸರಿಸಿದರೆ ಮೇಲಿನ ತಿಳಿ ಅಲುಗಿದ್ದು ಕಾಣುವುದಿಲ್ಲ, ನಡುವಿನ ಗೆರೆ ಮಾತ್ರ ನಿಧಾನವಾಗಿ ಹೊಯ್ದಾಡುತ್ತದೆ. ಸಮುದ್ರದಲ್ಲೂ ಮೇಲೆ ಬಿಸಿಲಿಗೆ ಕಾದ ಹಗುರ ನೀರು, ಕೆಳಗೆ ತಣ್ಣನೆಯ ಭಾರದ ನೀರು. ಅವೆರಡರ ನಡುವಿನ ಗೆರೆಯಲ್ಲಿ ಎದ್ದು ಹರಿಯುವುದೇ ಒಳ ಅಲೆ. ಮನೆಯೆತ್ತರದ ಅಲೆ ಕಾಲ ಕೆಳಗೆ ಹೋಗುತ್ತಿದ್ದರೂ ಹಡಗಿನ ಮೇಲೆ ನಿಂತವನ ಚಹಾ ತುಳುಕುವುದಿಲ್ಲ. ಅತ್ತೆ ಎಲ್ಲ ಕೇಳಿಸಿಕೊಂಡು, "ಹಂಗಾರ ಮನ್ಯಾಗ ಮಜ್ಜಿಗಿ ನೋಡ್ಕೋಂತ ಕುಂದ್ರಬೇಕಿತ್ತು, ಹಡಗ ಯಾಕ ಬೇಕಿತ್ತು?" ಎಂದರು. ಅಂದಿನಿಂದ ನಾನು ಅವರಿಗೆ ಮೀನು ಹಿಡಿಯುವವಳಾಗಿಯೇ ಉಳಿದಿದ್ದೇನೆ.

ನಮ್ಮ ಮನೆಯವರೂ ಇದಕ್ಕಿಂತ ಮೇಲಲ್ಲ. ಅಪ್ಪ ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಪಾಳಿಯ ಸೈರನ್, ನಮ್ಮ ಕಡೆಯ ಭೋಂಗಾ, ಊದುವ ಮೊದಲೇ ಗೇಟಿನ ಒಳಗಿರಬೇಕೆಂದು ನಮ್ಮ ಮನೆಯ ಗೋಡೆಗಡಿಯಾರವನ್ನು ಹತ್ತು ನಿಮಿಷ ಮುಂದೆ ಇಡುತ್ತಿದ್ದರು. ನಮ್ಮ ಓಣಿಯಲ್ಲಿ ಮನೆಮನೆಗೂ ಇದೇ ಪದ್ಧತಿ. ಗಡಿಯಾರ ಮುಂದಿದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಎಲ್ಲರೂ ಮನಸ್ಸಿನಲ್ಲೇ ಹತ್ತು ಕಳೆದು ಓದುತ್ತಾರೆ, ಹಾಗಾಗಿ ಅದು ಮುಂದಿದ್ದೂ ಮೂರು ಕಾಸಿನ ಪ್ರಯೋಜನವಿಲ್ಲ. ಇದನ್ನು ನಾನು ಮೂರನೆಯ ಇಯತ್ತೆಯಲ್ಲಿದ್ದಾಗಲೇ ಅಪ್ಪನಿಗೆ ಬಿಡಿಸಿ ಹೇಳಿದ್ದೆ. "ಗಾಡಿ ತಪ್ಪಿದ ಮ್ಯಾಲೆ ನಿನ್ನ ಲೆಕ್ಕ ತಗೊಂಡ ಏನ್ ಮಾಡೂದೈತಿ?" ಎಂದಿದ್ದರು. ಅವರು ನಿವೃತ್ತರಾಗಿ ಎಷ್ಟೋ ವರ್ಷವಾಯಿತು, ಈಗ ಆ ಮನೆಯಲ್ಲಿ ಯಾರೂ ಭೋಂಗಾಕ್ಕೆ ಓಡಬೇಕಾಗಿಲ್ಲ, ಅಣ್ಣ ಅತ್ತಿಗೆ ಇಬ್ಬರೂ ಬ್ಯಾಂಕಿಗೆ ಹೋಗುತ್ತಾರೆ. ಗಡಿಯಾರ ಮಾತ್ರ ಇನ್ನೂ ಹತ್ತು ನಿಮಿಷ ಮುಂದೆಯೇ ಇದೆ. ಆ ಮನೆಯಲ್ಲಿ ಬೆಳೆದ ಕಾರಣ ಗೋಡೆಯ ಮೇಲಿನ ಯಾವ ಗಡಿಯಾರವನ್ನೂ ನಾನು ನಂಬುವುದಿಲ್ಲ. ನನಗೆ ಕೆಲಸ ಸಿಕ್ಕಾಗ ಅಪ್ಪ ತಮ್ಮ ಚಾವಿ ಕೊಡುವ ಕೈಗಡಿಯಾರವನ್ನೇ ಕೊಟ್ಟಿದ್ದರು. ನಾನು ನಂಬುವುದು ಅದೊಂದನ್ನೇ.

ಮೂರು ವರ್ಷದ ಹಿಂದೆ, ಮಳೆ ಹಿಡಿಯುವ ಮೊದಲು, ಕಾರವಾರದಾಚೆಯ ಕಡಲಿನಲ್ಲಿ ಒಳ ಅಲೆಗಳನ್ನು ನೋಡಲು ಗೋವಾದ ಬಂದರಿನಿಂದ ನಮ್ಮ ಹಡಗು ಹೊರಟಿತು. ನಾನು ರಜೆಯಲ್ಲಿ ಹುಬ್ಬಳ್ಳಿಯಲ್ಲಿದ್ದೆ, ಅಲ್ಲಿಂದಲೇ ವಾಸ್ಕೋ ಗಾಡಿ ಹತ್ತಿದೆ. ಹೊರಡುವಾಗ ಅಪ್ಪ ಎಂದಿನಂತೆ ನನ್ನ ಗಡಿಯಾರಕ್ಕೆ ಚಾವಿ ಕೊಟ್ಟು ಕೈಗೆ ಕೊಟ್ಟರು. ಅತ್ತಿಗೆ ಬುತ್ತಿ ಕಟ್ಟಿದರು. ಹಡಗಿನ ಊಟದ ಬಗ್ಗೆ ಗೊತ್ತಿದ್ದರಿಂದ ಬುತ್ತಿಯನ್ನು ಬೇಡ ಎನ್ನಲಿಲ್ಲ.

ಹಡಗಿನಲ್ಲಿ ಯಾರನ್ನು ಮೊದಲು ಬೈಯಬೇಕೆಂದು ತಿಳಿಯದಷ್ಟು ಜನರಿದ್ದರು. ತಂಡದ ಮುಖ್ಯಸ್ಥರು ದೊಡ್ಡ ವಿಜ್ಞಾನಿ. ಹಡಗು ಬಂದರು ಬಿಟ್ಟ ಒಂದು ತಾಸಿಗೆ ವಾಕರಿಕೆ ಹಿಡಿದು ತಮ್ಮ ಕೋಣೆ ಸೇರಿದವರು, ಉಪ್ಪಿನ ಬಿಸ್ಕೀಟು ತಿನ್ನುತ್ತ ಅಲ್ಲಿಂದಲೇ ನಮಗೆಲ್ಲ ಮಾರ್ಗದರ್ಶನ ಮಾಡಿದರು. ಅಡುಗೆಯವರು ಊಟವನ್ನು ದಿನವೂ ಹತ್ತು ನಿಮಿಷ ತಡ ಮಾಡುತ್ತಿದ್ದರು. ನನ್ನನ್ನು ಪಾಳಿಯಿಂದ ಬಿಡಿಸಲು ಬರುವ ಸಹೋದ್ಯೋಗಿಯೂ ಹತ್ತು ನಿಮಿಷ ತಡ. ಇಡೀ ಹಡಗಿಗೆ ಹಡಗೇ ಸಮಯಪ್ರಜ್ಞೆ ಇಲ್ಲದ ಜನರಿಂದ ತುಂಬಿದೆ ಎಂದು ಎರಡನೆಯ ದಿನವೇ ನಾನು ಊಟದ ಮೇಜಿನ ಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದೆ. ಯಾರೂ ಉತ್ತರ ಕೊಡಲಿಲ್ಲ. ಉತ್ತರವಿಲ್ಲದ್ದರಿಂದ ಸುಮ್ಮನಾದರು ಎಂದುಕೊಂಡೆ.

ಇನ್ನು ರಡಾರಿನ ಕತೆ. ಒಳ ಅಲೆ ಮೇಲೆ ಕಾಣುವುದಿಲ್ಲ ಎಂದೆನಲ್ಲ, ಪೂರ್ತಿ ಹಾಗಲ್ಲ. ಅದು ಹಾದುಹೋಗುವಾಗ ಮೇಲಿನ ನೀರನ್ನು ಅಲ್ಲಲ್ಲಿ ಒತ್ತರಿಸುತ್ತದೆ. ಒಂದು ಪಟ್ಟೆಯಲ್ಲಿ ನೀರು ತರಿತರಿಯಾಗಿ ಏಳುತ್ತದೆ, ಅದರ ಹಿಂದೆ ಎಣ್ಣೆ ಸವರಿದಂತೆ ನುಣ್ಣಗಾಗುತ್ತದೆ. ಒರಟು ನೀರು ರಡಾರಿನ ಪರದೆಯ ಮೇಲೆ ಬೆಳ್ಳಗೆ ಹೊಳೆಯುತ್ತದೆ. ಹಾಗಾಗಿ ಮೈಲಿಗಟ್ಟಲೆ ಉದ್ದದ ಬೆಳ್ಳನೆಯ ಪಟ್ಟೆಗಳು ಒಂದರ ಹಿಂದೊಂದು ಹಡಗಿನ ಕಡೆ ಬರುವುದನ್ನು ಕುಳಿತಲ್ಲೇ ನೋಡಬಹುದು. ನೋಡಬಹುದು, ಹಡಗು ನಡೆಸುವ ಅಧಿಕಾರಿ ನೋಡಲು ಬಿಟ್ಟರೆ. ಅವನಿಗೆ ರಡಾರಿನಲ್ಲಿ ಬೇಕಾದದ್ದು ಬೇರೆ ಹಡಗು ಮತ್ತು ಮೀನುಗಾರರ ದೋಣಿ. ನೀರಿನ ಹೊಳಪೆಲ್ಲ ಅವನ ಪಾಲಿಗೆ ಕಸ. ಕಸ ಅಳಿಸಲು ಒಂದು ಗುಂಡಿ ಇರುತ್ತದೆ. ನಾನು ಅದನ್ನು ಹಿಂದಕ್ಕೆ ತಿರುಗಿಸಿ ಪಟ್ಟೆ ಬರಿಸಿದರೆ, ಐದು ನಿಮಿಷಕ್ಕೆ ಅವನು ಬಂದು ಮುಂದಕ್ಕೆ ತಿರುಗಿಸಿ, "ಈಗ ನೋಡಿ, ಎಷ್ಟು ಸ್ವಚ್ಛ ಆಯಿತು" ಎನ್ನುತ್ತಿದ್ದ. ನಾವು ಕಡಲಿಗೆ ಬಂದದ್ದೇ ಆ ಕಸ ನೋಡಲು ಎಂದು ಅವನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ.

ಪರದೆಯ ಚಿತ್ರಗಳನ್ನು ತುಂಬಿಕೊಳ್ಳುವ ಪೆಟ್ಟಿಗೆ ಮೊದಲ ದಿನವೇ ಕೆಟ್ಟಿತು. ಆದ್ದರಿಂದ ಪ್ರತಿ ಪಟ್ಟೆ ಹಡಗನ್ನು ದಾಟಿದ ಹೊತ್ತನ್ನು ಕೈಯಲ್ಲೇ ಬರೆದುಕೊಳ್ಳುವುದೆಂದಾಯಿತು. ಆ ಕೆಲಸವನ್ನು ನಾನೇ ತೆಗೆದುಕೊಂಡೆ, ಬೇರೆಯವರ ಮೇಲೆ ನನಗೆ ಭರವಸೆಯಿರಲಿಲ್ಲ. ರಡಾರಿನ ಮೂಲೆಯಲ್ಲಿ ಗ್ರೀನಿಚ್ ಸಮಯ ಬರುತ್ತಿತ್ತು. ಪ್ರತಿ ಸಲ ಅದಕ್ಕೆ ಐದೂವರೆ ತಾಸು ಕೂಡಿಸುತ್ತ ಕೂರುವುದಕ್ಕಿಂತ ನನ್ನ ಕೈ ನೋಡಿಕೊಂಡು ಬರೆಯುವುದು ಸುಲಭವಾಗಿತ್ತು. ಹಾಗೆಯೇ ಬರೆದೆ.

ಬರೀ ಪಟ್ಟೆ ಕಂಡರೆ ಸಾಲದು. ಗಾಳಿಯಿಂದಲೂ ಪಟ್ಟೆಯಾಗಬಹುದು, ಇನ್ನೊಂದು ಹಡಗಿನ ಜಾಡಿನಿಂದಲೂ ಆಗಬಹುದು. ಅದೇ ಹೊತ್ತಿಗೆ ಕೆಳಗೆ ಅಲೆ ಹೋಯಿತು ಎಂಬುದಕ್ಕೆ ಸಾಕ್ಷಿ ಬೇಕು. ಅದಕ್ಕಾಗಿ ಹಡಗಿನ ಪಕ್ಕದಿಂದ ಉದ್ದನೆಯ ಹಗ್ಗ ಇಳಿಬಿಟ್ಟಿದ್ದೆವು. ಹಗ್ಗದುದ್ದಕ್ಕೂ ಬೆರಳಿನಷ್ಟು ದೊಡ್ಡ ಇಪ್ಪತ್ತು ತಾಪಮಾಪಕಗಳು, ಒಂದೊಂದರೊಳಗೂ ಒಂದು ಸಣ್ಣ ಗಡಿಯಾರ. ಅಲೆ ಬಂದಾಗ ಬೆಚ್ಚನೆಯ ನೀರು ಕೆಳಗಿಳಿಯುತ್ತದೆ, ಆಳದ ಮಾಪಕಗಳು ಒಮ್ಮೆಲೇ ಬೆಚ್ಚಗಾಗುತ್ತವೆ. ಮೇಲೆ ಪಟ್ಟೆ ದಾಟಿದ ಹೊತ್ತು, ಕೆಳಗೆ ಬೆಚ್ಚಗಾದ ಹೊತ್ತು, ಎರಡೂ ಕೂಡಿದರೆ ಗೆದ್ದೆವು.

ಆ ಹಗ್ಗದ ಉಸ್ತುವಾರಿ ಒಬ್ಬ ತಂತ್ರಜ್ಞನದು. ಗುತ್ತಿಗೆಯ ಮೇಲೆ ಬಂದವರು, ನಲವತ್ತು ದಾಟಿದ ಮನುಷ್ಯ, ಹಳೇ ಹುಬ್ಬಳ್ಳಿಯವರು. ಮೊದಲ ದಿನವೇ ಮುಖ್ಯಸ್ಥರ ಎದುರಿಗೆ, "ಮೇಡಂ, ನೀವೂ ನಮ್ಮ ಕಡೆಯವರಂತಲ್ಲರಿ, ಛಲೋ ಆತ್ ಬಿಡ್ರಿ" ಎಂದು ಹಲ್ಲು ಬಿಟ್ಟರು. ಊರಿನವರಿಂದ ತಪ್ಪಿಸಿಕೊಂಡು ಕಡಲಿಗೆ ಬಂದರೆ ಇಲ್ಲೂ ಒಬ್ಬರು. ನಾನು ನಗಲಿಲ್ಲ. ಅವರ ದಾಖಲೆ ಪುಸ್ತಕ ತರಿಸಿ ನೋಡಿದೆ. ಒಂದು ಕಡೆ ಅಂಕಿ ತಪ್ಪಿ, ಅದರ ಮೇಲೆ ಗೀಚಿ ಕಪ್ಪು ಮಾಡಿದ್ದರು. ಎಲ್ಲರೂ ನೋಡುತ್ತಿದ್ದಂತೆ ಪಾಠ ಹೇಳಿದೆ: "ತಪ್ಪಾದರೆ ಒಂದೇ ಗೆರೆ ಎಳೆಯಬೇಕು. ಕೆಳಗಿನದು ಓದಲು ಬರಬೇಕು. ಹೀಗೆ ಗೀಚುವುದು ಶಾಲೆಯ ಹುಡುಗರು." ಅವರು "ಹೂಂನ್ರಿ" ಎಂದು ಪುಸ್ತಕ ಮುಚ್ಚಿ ಕಂಕುಳಲ್ಲಿಟ್ಟುಕೊಂಡರು.

ಅವರ ಬಗ್ಗೆ ನನಗೆ ಪೂರ್ತಿ ತಾತ್ಸಾರ ಹುಟ್ಟಿದ್ದು ಬೇರೆ ಕಾರಣಕ್ಕೆ. ಉಪಕರಣಗಳ ಕೋಣೆಯಲ್ಲಿ, ಗೋಡೆಯ ಮೇಲೆ ತಟ್ಟೆಯಷ್ಟು ಅಗಲದ ಹಡಗಿನ ಗಡಿಯಾರವಿತ್ತು. ಆ ಮನುಷ್ಯ ಅದರ ನೇರ ಕೆಳಗೆ ನಿಂತು ನನ್ನನ್ನು ಕೇಳುತ್ತಿದ್ದರು.

"ಮೇಡಂ, ಟೈಮ್ ಎಷ್ಟಾತ್ರಿ?"

ನಾನು ಕೈ ನೋಡಿ ಹೇಳುತ್ತಿದ್ದೆ. ಅವರು ತಲೆಯಾಡಿಸಿ, ಅಲ್ಲೇ ಸ್ವಲ್ಪ ಹೊತ್ತು ನಿಂತು, ಹೋಗುತ್ತಿದ್ದರು. ಮರುದಿನ ಮತ್ತೆ ಅದೇ. ಮೂರನೆಯ ಸಲ ನಾನು, "ನಿಮ್ಮ ತಲೆಯ ಮೇಲೇ ಗಡಿಯಾರ ಇದೆಯಲ್ಲ, ನೋಡಲು ಬರುವುದಿಲ್ಲವೇ?" ಎಂದೆ. "ಬರತೈತ್ರಿ" ಎಂದರು. ಇಂಥವರ ಕೈಗೆ ಇಪ್ಪತ್ತು ಗಡಿಯಾರ ಹೊಂದಿಸುವ ಕೆಲಸ ಕೊಟ್ಟಿದ್ದಾರಲ್ಲ ಎಂದು ಅಂದೇ ನನಗೆ ದಿಗಿಲಾಗಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಅಲೆಗಳು ಬಂದವು. ಗಾಳಿ ಬಿದ್ದುಹೋಗಿತ್ತು. ಪರದೆಯ ಪಶ್ಚಿಮದ ಅಂಚಿನಲ್ಲಿ ಮೊದಲು ಒಂದು ಬಿಳಿ ಎಳೆ ಮೂಡಿತು, ಅದರ ಹಿಂದೆ ಇನ್ನೊಂದು, ಹೀಗೆ ಏಳು. ಹೊರಗೆ ಹೋಗಿ ನೋಡಿದರೆ ಕಣ್ಣಿಗೂ ಕಂಡಿತು, ತೆಪ್ಪಗಿದ್ದ ಸಮುದ್ರದ ಮೇಲೆ ಒಂದು ಪಟ್ಟೆ ಮಾತ್ರ ಸಣ್ಣಗೆ ಕುದಿಯುತ್ತ ನಮ್ಮ ಕಡೆ ಬರುತ್ತಿತ್ತು. ಸುಮಾರು ಇಪ್ಪತ್ತು ನಿಮಿಷಕ್ಕೊಂದರಂತೆ ಏಳೂ ಹಡಗನ್ನು ದಾಟಿದವು. ಏಳರ ಹೊತ್ತನ್ನೂ ಬರೆದೆ. ಅಧಿಕಾರಿ ಗುಂಡಿಯ ಕಡೆ ಕೈ ಚಾಚಿದಾಗ ಅವನ ಕೈಯನ್ನೇ ತಳ್ಳಿದೆ. ಹದಿನೈದು ವರ್ಷದ ಕೆಲಸದಲ್ಲಿ ಅಷ್ಟು ಸಂತೋಷಪಟ್ಟ ಮಧ್ಯಾಹ್ನ ಇನ್ನೊಂದಿಲ್ಲ.

ಹಗ್ಗ ಮೇಲೆಳೆದು ಲೆಕ್ಕ ಹಾಕಿದಾಗ ಎಲ್ಲ ಉಲ್ಟಾ. ನನ್ನ ಪಟ್ಟೆ ದಾಟಿದ ಹೊತ್ತಿಗೆ ಕೆಳಗಿನ ಮಾಪಕಗಳು ತಣ್ಣಗಿದ್ದವು. ಮಾಪಕ ಬೆಚ್ಚಗಾದ ಹೊತ್ತಿಗೆ ನನ್ನ ಪುಸ್ತಕದಲ್ಲಿ ಪಟ್ಟೆಯೇ ಇರಲಿಲ್ಲ. ಏಳಕ್ಕೆ ಏಳೂ ಹಾಗೇ, ಹತ್ತು ಹತ್ತು ನಿಮಿಷ ತಪ್ಪು. ಇಪ್ಪತ್ತು ನಿಮಿಷದ ಅಲೆಗೆ ಹತ್ತು ನಿಮಿಷ ತಪ್ಪಿದರೆ ಏರು ಇದ್ದಲ್ಲಿ ಇಳಿವು ಬಂದು ಕೂರುತ್ತದೆ. ಹಡಗು ಬಂದರಿಗೆ ಬರುವ ಹೊತ್ತಿಗೆ ನಾನು ಕಾರಣ ಕಂಡುಹಿಡಿದಾಗಿತ್ತು. ತಂತ್ರಜ್ಞರನ್ನು ಕರೆದು ಕೇಳಿದೆ. "ಹಡಗದ ಗಡಿಯಾರ ನೋಡೇ ಹಚ್ಚೇನ್ರಿ ಮೇಡಂ. ತಗದ ಮ್ಯಾಲೂ ಅದಕ್ಕ ಹೋಲಿಸಿ ನೋಡೇನಿ, ಸರಿ ಐತ್ರಿ" ಎಂದರು. ಪುಸ್ತಕ ತೋರಿಸಿದರು, ಅಚ್ಚುಕಟ್ಟಾಗಿ ಬರೆದಿದ್ದರು. ಅಷ್ಟು ಅಚ್ಚುಕಟ್ಟಾಗಿದ್ದದ್ದೇ ನನಗೆ ಸಂಶಯ ತಂದಿತು.

ಹತ್ತು ನಿಮಿಷ ಸರಿಸಿ ಹೊಂದಿಸಿಬಿಡೋಣವೆಂದರೆ ಮುಖ್ಯಸ್ಥರು ಒಪ್ಪಲಿಲ್ಲ. ಬೇಕಾದಂತೆ ಸರಿಸಿದ್ದು ಸಾಕ್ಷಿಯಾಗುವುದಿಲ್ಲ ಎಂದರು. ಅವರು ಆಡಿದ ಒಂದೇ ಬುದ್ಧಿವಂತಿಕೆಯ ಮಾತು ಅದು. ಹಾಗಾಗಿ ನಾನು ವರದಿಯಲ್ಲಿ ನಾಲ್ಕು ಸಾಲು ಬರೆದೆ: ಮಾಪಕಗಳ ಗಡಿಯಾರಗಳನ್ನು ಹೊಂದಿಸುವಲ್ಲಿ ತಂತ್ರಜ್ಞರು ತಪ್ಪಿದ್ದಾರೆ, ಸಮಯವನ್ನು ನೋಡದೆಯೇ ನೋಡಿದಂತೆ ದಾಖಲಿಸಿದ್ದಾರೆ, ಗೋಡೆಯ ಗಡಿಯಾರವನ್ನು ಓದುವುದರಲ್ಲೇ ಅವರಿಗೆ ತೊಡಕಿರುವುದನ್ನು ನಾನು ಕಂಡಿದ್ದೇನೆ, ಇಂಥ ಕೆಲಸಕ್ಕೆ ಅವರು ತಕ್ಕವರಲ್ಲ. ಮುಖ್ಯಸ್ಥರು ಓದದೆ ಸಹಿ ಮಾಡಿದರು, ಒಂದು ಪ್ರತಿ ತಂತ್ರಜ್ಞರಿಗೂ ಹೋಯಿತು. ಮುಂದಿನ ಸಲ ಹಡಗಿಗೆ ಆ ಮನುಷ್ಯನನ್ನು ಕರೆಯಲಿಲ್ಲ. ನನಗೆ ಎರಡು ಸಲ ಫೋನ್ ಮಾಡಿದ್ದರು, ನಾನು ಎತ್ತಲಿಲ್ಲ. ಹಡಗಿನಿಂದ ಬಂದ ಮೇಲೆ ನನ್ನ ಗಡಿಯಾರ ಕೊಂಚ ಮುಂದೋಡಿದ್ದು ಕಂಡು, ಹಳೆಯ ಚಾವಿ ಗಡಿಯಾರ ಇನ್ನೇನು ಮಾಡೀತು ಎಂದು ತಿರುಗಿಸಿ ಸರಿಮಾಡಿಕೊಂಡೆ. ಎಷ್ಟು ಮುಂದಿತ್ತು ಎಂದು ನೋಡಿಕೊಳ್ಳುವ ಬುದ್ಧಿ, ಅಷ್ಟೆಲ್ಲ ಕಲಿತ ನನಗೆ, ಆಗ ಬರಲಿಲ್ಲ.

ಈ ವರ್ಷ ದೀಪಾವಳಿ ಮುಗಿಸಿ ಹುಬ್ಬಳ್ಳಿಯಿಂದ ಹೊರಟಿದ್ದೆ. ಅತ್ತಿಗೆ ಬುತ್ತಿ ಕಟ್ಟುತ್ತಿದ್ದರು, ನಾನು ಚೀಲಕ್ಕೆ ಬೀಗ ಹಾಕುತ್ತಿದ್ದೆ. ತಲೆ ಎತ್ತಿದರೆ ಅಪ್ಪ ಕಿಟಕಿಯ ಬೆಳಕಿಗೆ ನನ್ನ ಗಡಿಯಾರ ಹಿಡಿದು ನಿಂತಿದ್ದರು. ಚಾವಿ ಕೊಟ್ಟಾದ ಮೇಲೆ ಅದರ ಕಿವಿಯನ್ನು ಉಗುರಿನಿಂದ ಹೊರಗೆಳೆದು, ಮುಳ್ಳು ತಿರುಗಿಸುತ್ತಿದ್ದರು.

"ಏನ್ ಮಾಡಾಕತ್ತೀರಿ ಅಪ್ಪಾ?"

"ಹತ್ತು ನಿಮಿಷ ಮುಂದ ಇಟ್ಟೇನಿ."

"ಯಾವಾಗಿಂದ?"

"ಯಾವಾಗಲೂ. ನೀ ಊರಿಗೆ ಹೊಂಟಾಗೆಲ್ಲಾ ಇಡತೇನಿ. ಅದಕ್ಕ ನಿನಗ ಒಂದು ಸರತಿನೂ ಗಾಡಿ ತಪ್ಪಿಲ್ಲ." ಅವರ ದನಿಯಲ್ಲಿ ಹೆಮ್ಮೆಯಿತ್ತು. "ನಿನಗ ಹೇಳಿದ್ರ ಹತ್ತು ಕಳದ ಓದತಿ. ಹೇಳದಿದ್ರ ಕೆಲಸ ಮಾಡತೈತಿ."

ಮೂರನೆಯ ಇಯತ್ತೆಯಲ್ಲಿ ನಾನು ಹೇಳಿದ ಲೆಕ್ಕವನ್ನು ಅವರು ಮರೆತಿರಲಿಲ್ಲ, ತಿದ್ದಿಕೊಂಡಿದ್ದರು ಅಷ್ಟೆ. ನಾನು ಹಾಸಿಗೆಯ ಅಂಚಿಗೆ ಕುಳಿತೆ. ಊಟ ತಡ ಮಾಡದ ಅಡುಗೆಯವರು, ಹೊತ್ತಿಗೆ ಸರಿಯಾಗಿ ಬರುತ್ತಿದ್ದ ಸಹೋದ್ಯೋಗಿ, ಗೋಡೆಗಡಿಯಾರದ ಕೆಳಗೆ ನಿಂತ ಮನುಷ್ಯ, ಎಲ್ಲ ಒಟ್ಟಿಗೆ ಎದುರಿಗೆ ಬಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಗಾದೆಯನ್ನು ನಾನು ಎಷ್ಟು ಜನರ ಮೇಲೆ ಎಸೆದಿದ್ದೇನೆಂಬುದಕ್ಕೆ ಲೆಕ್ಕವಿಲ್ಲ.

ಗಾಡಿ ಹತ್ತಲಿಲ್ಲ. ಹಳೆಯ ಅಂಕಿಗಳು ನನ್ನ ಲ್ಯಾಪ್‌ಟಾಪಿನಲ್ಲೇ ಇದ್ದವು. ನನ್ನ ಏಳು ಪಟ್ಟೆಗಳನ್ನು ಹತ್ತು ನಿಮಿಷ ಹಿಂದೆ ಸರಿಸಿದೆ. ಏಳೂ ಹೋಗಿ ಬೆಚ್ಚನೆಯ ನೀರಿನ ಮೇಲೆ ಕುಳಿತವು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆ ಮನುಷ್ಯನ ಇಪ್ಪತ್ತು ಗಡಿಯಾರಗಳಲ್ಲಿ ಒಂದೂ ತಪ್ಪಿರಲಿಲ್ಲ. ಕಚೇರಿಗೆ ತಿದ್ದುಪಡಿಯ ಪತ್ರ ಬರೆದು ಕಳಿಸಿದೆ, ಆ ಮನುಷ್ಯನನ್ನು ತಿರುಗಿ ಕರೆಯಬೇಕೆಂದೂ ಕೇಳಿದೆ. ಮುಖ್ಯಸ್ಥರು ಫೋನಿನಲ್ಲಿ, "ಮುಗಿದದ್ದನ್ನು ಯಾಕೆ ಕೆದಕುತ್ತೀರಿ, ಆ ಜಾಗಕ್ಕೆ ಬೇರೆಯವರು ಬಂದಾಯಿತಲ್ಲ" ಎಂದರು. ಅವರನ್ನು ಬೈಯಲು ಬಾಯಿ ತೆರೆದೆ. ಬೈಯುವ ಯೋಗ್ಯತೆ ಉಳಿದಿಲ್ಲವೆಂದು ನೆನಪಾಗಿ ಫೋನ್ ಇಟ್ಟೆ.

ಪತ್ರದ ಪ್ರತಿ ಹಿಡಿದು ಮರುದಿನ ಬೆಳಿಗ್ಗೆ ಹಳೇ ಹುಬ್ಬಳ್ಳಿಗೆ ಹೋದೆ. ಇಕ್ಕಟ್ಟಿನ ಓಣಿ, ಆಟೋದವನು ಓಣಿಯ ಬಾಯಲ್ಲೇ ನನ್ನನ್ನು ಇಳಿಸಿದ. ಆ ಮನುಷ್ಯ ಈಗ ಅಂಗಡಿಕಾರರ ತೂಕದ ಯಂತ್ರ ರಿಪೇರಿ ಮಾಡುತ್ತಾರೆ. ಯಂತ್ರವೊಂದರ ಮೇಲೆ ಕಬ್ಬಿಣದ ಕಲ್ಲುಗಳನ್ನು ಒಂದೊಂದಾಗಿ ಇಟ್ಟು ಅಂಕಿ ನೋಡುತ್ತಿದ್ದರು. ನನ್ನನ್ನು ಕಂಡು ಎದ್ದು, ಸ್ಟೂಲಿನ ಧೂಳು ಒರೆಸಿ, "ಬರ್ರಿ ಮೇಡಂ, ಕುಂದರ್ರಿ" ಎಂದರು. ನಾನು ಕೂರದೆ ಎಲ್ಲ ಹೇಳಿದೆ. ಅಪ್ಪ, ಗಡಿಯಾರ, ಹತ್ತು ನಿಮಿಷ. ಪತ್ರ ಕೊಟ್ಟೆ. ಅವರು ಎರಡು ಸಲ ಓದಿ, ಫ್ಯಾನಿನ ಗಾಳಿಗೆ ಹಾರದಂತೆ ಅದರ ಮೇಲೆ ಒಂದು ಕಿಲೋ ಕಲ್ಲು ಇಟ್ಟರು.

"ತಿರುಗಿ ಕರೀತಾರೇನ್ರಿ?"

"ಇಲ್ರಿ. ಆ ಜಾಗಾ ತುಂಬೇತಿ. ನಾ ಕೇಳಿ ನೋಡಿದೆ."

"ಇರಲಿ ಬಿಡ್ರಿ." ಯಂತ್ರದ ಮೇಲಿದ್ದ ಕಲ್ಲುಗಳನ್ನು ಒಂದೊಂದಾಗಿ ಕೆಳಗಿಳಿಸಿದರು. "ನಾ ಮೂರು ಸರತಿ ಕೇಳಿದ್ನಲ್ಲರಿ ನಿಮಗ."

"ಟೈಮ್ ಕೇಳಿದ್ರಿ. ನನ್ನ ಗಡಿಯಾರ ತಪ್ಪೈತಿ ಅಂತ ಹೇಳಲಿಲ್ಲ."

"ದೊಡ್ಡವರಿಗೆ ತಪ್ಪೈತಿ ಅಂತ ಹೆಂಗ ಹೇಳೂದ್ರಿ? ಟೈಮ್ ಎಷ್ಟಾತ್ರಿ ಅಂತ ಕೇಳೂದು. ಅವರ ನೋಡ್ಕೊಂಡು ಸರಿ ಮಾಡ್ಕೋತಾರ. ನೀವು ನಮ್ಮ ಕಡೆಯವರು, ತಿಳ್ಕೋತೀರಿ ಅನ್ಕೊಂಡಿದ್ನಿರಿ."

ನನ್ನ ಅಜ್ಜಿಯೂ, ಅತ್ತೆಯೂ, ನೆರೆಮನೆಯವರೂ ಹೀಗೆಯೇ ಕೇಳುತ್ತಿದ್ದರು. ಮಂದಿಗೆ ಇರಿಸುಮುರಿಸಾಗದ ಹಾಗೆ ತಪ್ಪು ತೋರಿಸುವ ಆ ರೀತಿಯನ್ನು ನಾನು ಕೇಳಿಯೇ ಬೆಳೆದಿದ್ದೆ, ಅದನ್ನು ದಡ್ಡತನವೆಂದು ತೆಗೆದುಹಾಕಿದ್ದೆ.

ಅವರು ಮೇಲಿನ ಹಲಗೆಯಿಂದ ಒಂದು ಸಣ್ಣ ಕಿಸೆಪುಸ್ತಕ ತೆಗೆದು, ಹಡಗಿನ ದಿನಗಳ ಪುಟ ಹುಡುಕಿ ನನ್ನ ಮುಂದೆ ಇಟ್ಟರು. ಮೂರು ದಿನದ್ದು ಮೂರು ಸಾಲು, ಕನ್ನಡದಲ್ಲಿ. ಹಡಗಿನ ಗಡಿಯಾರದ ಹೊತ್ತು, ಅದರ ಪಕ್ಕಕ್ಕೆ ನಾನು ಹೇಳಿದ ಹೊತ್ತು, ಕೊನೆಗೆ 'ಮೇಡಂ ಗಡಿಯಾರ ಹತ್ತು ನಿಮಿಷ ಮುಂದೆ'. ಆ ಹಡಗಿನಲ್ಲಿ ಸರಿಯಾಗಿ ನಡೆದ ಒಂದೇ ವೀಕ್ಷಣೆ ಅದು. ಮೂರೂ ಸಾಲನ್ನು ಹೊಡೆದುಹಾಕಿದ್ದರು.

"ಇದನ್ನ ಯಾಕ ಹೊಡದ್ರಿ?"

"ನೀವು ಬರದದ್ದು ಓದಿದ ಮ್ಯಾಲೆರಿ. ಇಷ್ಟು ಕಲ್ತೋರು ಬರದಾರಂದ್ರ ನಾನ ತಪ್ಪು ನೋಡಿರಬೇಕು ಅನಿಸ್ತು." ಅವರು ಪುಸ್ತಕವನ್ನು ನನ್ನ ಕಡೆಗೆ ಇನ್ನಷ್ಟು ತಿರುಗಿಸಿದರು. "ಆದ್ರ ನೀವು ಹೇಳಿದಂಗ ಒಂದ ಗೆರಿ ಎಳದೇನ್ರಿ. ಗೀಚಿಲ್ಲ. ಕೆಳಗಿಂದು ಓದಾಕ ಬರತೈತಿ, ನೋಡ್ರಿ."

ನೋಡಿದೆ. ಮೂರೂ ಸಾಲು ಸ್ಪಷ್ಟವಾಗಿ ಓದಲು ಬರುತ್ತಿದ್ದವು.